ಕೈಯಿಂದ ಮುಚ್ಚುವ ಎರಡು ಕೀಲುಗಳು

ಕಚ್ಚಾ ಹಾದಿಯ ಬೈಕುಗಳಲ್ಲಿ, ಚೈನ್ ಇರುವ ನಾಲ್ಕು ಚಕ್ರದ ಎಟಿವಿಗಳಲ್ಲಿ ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಸಾಗಿಸುವುದು ಸೀಲ್ ಚೈನ್. ಅದರಲ್ಲಿ 118 ಕೊಂಡಿಗಳಿದ್ದರೆ 118 ಕೀಲುಗಳಿರುತ್ತವೆ. ಇವುಗಳಲ್ಲಿ 116 ಕೀಲುಗಳನ್ನು ಕಾರ್ಖಾನೆಯ ಯಂತ್ರವೇ ಗ್ರೀಸ್ ತುಂಬಿ, ರಬ್ಬರ್ ಉಂಗುರ ಕೂರಿಸಿ, ಅಳತೆಗೆ ಸರಿಯಾಗಿ ಒತ್ತಿ ಮುಚ್ಚಿರುತ್ತದೆ. ಉಳಿದ ಎರಡನ್ನು ಮುಚ್ಚುವುದು ಮನುಷ್ಯನ ಕೈ. ಆ ಎರಡು ಕೀಲುಗಳನ್ನು ಹೊತ್ತ ಬಿಡಿ ಕೊಂಡಿಯನ್ನು ನಮ್ಮ ಗ್ಯಾರೇಜುಗಳಲ್ಲಿ ಚೈನ್ ಲಾಕ್ ಎನ್ನುತ್ತಾರೆ. ಚೈನ್ ಎಷ್ಟೇ ಒಳ್ಳೆಯದಿರಲಿ, ಎಷ್ಟೇ ದುಬಾರಿಯದಿರಲಿ, ಅದರ ಬಾಳಿಕೆ ಈ ಒಂದು ಕೊಂಡಿಯನ್ನು ಎಷ್ಟು ಶುದ್ಧವಾಗಿ, ಎಷ್ಟು ನಿಖರವಾಗಿ ಕೂರಿಸಲಾಯಿತು ಎಂಬುದರ ಮೇಲೆ ನಿಂತಿರುತ್ತದೆ.

ಚೈನ್‌ನ ರಚನೆ ನೋಡಲು ಸರಳ. ಎರಡು ಒಳಪಟ್ಟಿಗಳನ್ನು ಎರಡು ಟೊಳ್ಳು ಬುಷ್‌ಗಳು ಹಿಡಿದಿರುತ್ತವೆ. ಬುಷ್‌ನ ಮೇಲೆ ರೋಲರ್ ತಿರುಗುತ್ತದೆ, ಬುಷ್‌ನ ಒಳಗೆ ಪಕ್ಕದ ಹೊರಕೊಂಡಿಯ ಪಿನ್ ತೂರಿರುತ್ತದೆ. ಚೈನ್ ಸ್ಪ್ರಾಕೆಟ್‌ನ ಹಲ್ಲುಗಳನ್ನು ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಪಿನ್ ಬುಷ್‌ನೊಳಗೆ ತುಸು ಹೊರಳುತ್ತದೆ. ಸವೆತ ಆಗುವುದು ಅಲ್ಲಿಯೇ. ಚೈನ್ ಎಳೆದುಕೊಂಡಿದೆ ಎಂದು ಮೆಕ್ಯಾನಿಕ್‌ಗಳು ಹೇಳುವಾಗ ಆಗಿರುವುದು ಇಷ್ಟು: ಪ್ರತಿ ಕೀಲಿನಲ್ಲಿ ಪಿನ್ನು, ಬುಷ್ಷು ಎರಡೂ ಒಂದಿಷ್ಟು ತಿಂದುಹೋಗಿವೆ. ಕೀಲೊಂದಕ್ಕೆ 0.1 ಮಿ.ಮೀ. ಸವೆದರೂ 118 ಕೀಲುಗಳ ಲೆಕ್ಕ 11.8 ಮಿ.ಮೀ. ಆಗುತ್ತದೆ. ಆಮೇಲೆ ಚೈನ್ ಸ್ಪ್ರಾಕೆಟ್‌ನ ಹಲ್ಲಿನ ಬುಡದಲ್ಲಿ ಕೂರದೆ ಮೇಲಕ್ಕೇರುತ್ತಾ ಹೋಗುತ್ತದೆ, ಹಲ್ಲುಗಳನ್ನೂ ಕೊಕ್ಕೆಯ ಆಕಾರಕ್ಕೆ ತಿನ್ನುತ್ತದೆ.

ಬುಷ್ ಮತ್ತು ರೋಲರ್ ಇರುವ ಈ ಚೈನ್‌ಗೆ ಹ್ಯಾನ್ಸ್ ರೆನಾಲ್ಡ್ 1880ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಪೇಟೆಂಟ್ ಪಡೆದರು. ಮೂಲ ವಿನ್ಯಾಸ ಅಲ್ಲಿಂದ ಇಲ್ಲಿಯವರೆಗೆ ಹೆಚ್ಚು ಬದಲಾಗಿಲ್ಲ. ತೊಂದರೆ ಇದ್ದದ್ದು ಎಣ್ಣೆ ಉಳಿಸಿಕೊಳ್ಳುವುದರಲ್ಲಿ. ಹೊರಗಿನಿಂದ ಬಿಟ್ಟ ಎಣ್ಣೆ ಪಿನ್ನಿನವರೆಗೆ ಇಳಿಯುವುದು ಕಷ್ಟ, ಇಳಿದದ್ದು ನಿಲ್ಲುವುದು ಇನ್ನೂ ಕಷ್ಟ. ಅದಕ್ಕೆ ಹಳೆಯ ಕಾಲದ ಉಪಾಯ ಇಡೀ ಚೈನ್ ಅನ್ನು ತಗಡಿನ ಕವರಿನೊಳಗೆ ಮುಚ್ಚುವುದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಹೊರಬಂದ ಜಾವಾ ಬೈಕುಗಳನ್ನು ಕಂಡವರಿಗೆ ಆ ಪೂರ್ತಿ ಮುಚ್ಚಿದ ಚೈನ್ ಕವರ್ ನೆನಪಿದ್ದೀತು. ಊರಿನ ರಸ್ತೆಗೆ ಅದು ಬಹಳ ಒಳ್ಳೆಯ ಏರ್ಪಾಡು. ಕೆಸರಿನ ಹಾದಿಯಲ್ಲಿ ಮಾತ್ರ ಕವರಿನೊಳಗೆ ಮಣ್ಣು ಮೆತ್ತಿ ಗಟ್ಟಿಯಾಗುತ್ತದೆ. ಹಿಂದಿನ ಚಕ್ರ ಒಂದು ಅಡಿಯಷ್ಟು ಮೇಲೆ ಕೆಳಗೆ ಆಡುವ ಗಾಡಿಗಳಲ್ಲಿ ಅಂಥ ಕವರಿಗೆ ಜಾಗವೂ ಇರುವುದಿಲ್ಲ.

1970ರ ದಶಕದಲ್ಲಿ ಬಳಕೆಗೆ ಬಂದ ಓ-ರಿಂಗ್ ಚೈನ್ ಈ ಸಮಸ್ಯೆಗೆ ಬೇರೆ ದಾರಿ ಹುಡುಕಿತು. ಚೈನ್ ಅನ್ನು ಮುಚ್ಚುವ ಬದಲು ಒಂದೊಂದು ಕೀಲನ್ನೂ ಮುಚ್ಚಿತು. ಒಳಪಟ್ಟಿ ಮತ್ತು ಹೊರಪಟ್ಟಿಯ ನಡುವೆ, ಪಿನ್ನಿನ ಸುತ್ತ, ಒಂದು ರಬ್ಬರ್ ಉಂಗುರ. ಪಿನ್ನಿನ ಎರಡೂ ಬದಿಗೆ ಒಂದೊಂದು. 118 ಕೊಂಡಿಯ ಚೈನ್‌ನಲ್ಲಿ ಇಂಥ ಉಂಗುರಗಳು 236. ಪಿನ್ನಿಗೂ ಬುಷ್‌ಗೂ ನಡುವೆ ಕಾರ್ಖಾನೆಯಲ್ಲಿ ತುಂಬಿದ ಗ್ರೀಸ್ ಹೊರಗೆ ಹೋಗದಂತೆ, ನೀರು ದೂಳು ಒಳಗೆ ಬರದಂತೆ ಅವು ಕಾಯುತ್ತವೆ. ಮುಂದೆ ಬಂದ ಎಕ್ಸ್-ರಿಂಗ್‌ಗಳಿಗೆ ನಾಲ್ಕು ತುಟಿಗಳು. ತುಟಿಗಳ ನಡುವೆಯೂ ಗ್ರೀಸ್ ನಿಲ್ಲುತ್ತದೆ, ಉಜ್ಜುವ ಮೈ ಕಡಿಮೆಯಾದ್ದರಿಂದ ಎಂಜಿನ್ನಿನ ಬಲವೂ ಅಷ್ಟು ಪೋಲಾಗುವುದಿಲ್ಲ. ಒಂದು ಮಾತು ಇಲ್ಲಿಯೇ ಹೇಳಬೇಕು: ಸೀಲ್ ಇರುವುದು ಪಿನ್ನಿಗೆ ಮಾತ್ರ. ಬುಷ್‌ನ ಹೊರಮೈ ಮತ್ತು ರೋಲರ್‌ನ ನಡುವೆ ಯಾವ ಸೀಲೂ ಇಲ್ಲ. ಸೀಲ್ ಚೈನ್‌ಗೆ ಎಣ್ಣೆ ಬೇಡ ಎಂಬ ನಂಬಿಕೆ ಅಪಾಯಕಾರಿ. ರೋಲರ್‌ಗೂ ಎಣ್ಣೆ ಬೇಕು, ರಬ್ಬರ್ ಒಣಗದಿರಲೂ ಎಣ್ಣೆ ಬೇಕು.

ಈ ರಬ್ಬರ್ ಉಂಗುರಗಳ ಕಷ್ಟವನ್ನು ಬಲ್ಲ ಊರುಗಳಲ್ಲಿ ಸ್ವೀಡನ್ನಿನ ಕಾರ್ಲ್‌ಸ್ಟಾಡ್ ಒಂದು. ಕ್ಲಾರೆಲ್ವೆನ್ ನದಿ ಕವಲೊಡೆದು ವೆನೆರ್ನ್ ಸರೋವರ ಸೇರುವ ಮುಖಜಭೂಮಿಯ ಮೇಲೆ, 1584ರಲ್ಲಿ ಪಟ್ಟಣದ ಹಕ್ಕು ಪಡೆದ ಊರಿದು; ವರ್ಮ್‌ಲ್ಯಾಂಡ್ ಪ್ರಾಂತ್ಯದ ಕೇಂದ್ರ. ಸುತ್ತ ಪೈನ್ ಮತ್ತು ಸ್ಪ್ರೂಸ್ ಕಾಡು, ಕಾಡಿನೊಳಗೆ ಮರ ಸಾಗಿಸುವ ಜಲ್ಲಿ ರಸ್ತೆಗಳ ಜಾಲ. ಸ್ವೀಡನ್ನಿನ ಸರ್ಕಾರಿ ರಸ್ತೆಗಳಲ್ಲಿಯೇ ಸುಮಾರು ಐದನೇ ಒಂದು ಭಾಗ ಇಂದಿಗೂ ಜಲ್ಲಿಯದ್ದು. 1973ರಲ್ಲಿ ವಿಶ್ವ ರ್‍ಯಾಲಿ ಚಾಂಪಿಯನ್‌ಶಿಪ್ ಆರಂಭವಾದ ವರ್ಷದಿಂದಲೇ ಅದರ ಭಾಗವಾಗಿದ್ದ ಸ್ವೀಡಿಷ್ ರ್‍ಯಾಲಿ ದೀರ್ಘಕಾಲ ನಡೆದದ್ದು ಇದೇ ಸೀಮೆಯ ಹಿಮದ ಹಾದಿಗಳಲ್ಲಿ. ಹಿಮದ ಕೊರತೆಯಿಂದ 2020ರ ಸ್ಪರ್ಧೆಯನ್ನು ಮೊಟಕುಗೊಳಿಸಬೇಕಾಯಿತು. 2022ರಲ್ಲಿ ಅದು ಉತ್ತರದ ಉಮಿಯೊಗೆ ಹೋಯಿತು.

ಹಿಮ ಕಡಿಮೆಯಾದರೆ ಚೈನ್‌ಗೆ ಒಳ್ಳೆಯದೇನೂ ಆಗುವುದಿಲ್ಲ. ಗಟ್ಟಿ ಹಿಮದ ಮೇಲೆ ಓಡುವ ಚೈನ್ ಹೆಚ್ಚುಕಡಿಮೆ ಶುಚಿಯಾಗಿಯೇ ಇರುತ್ತದೆ. ಉಷ್ಣಾಂಶ ಸೊನ್ನೆಯ ಆಚೀಚೆ ತೂಗುವ ದಿನಗಳೇ ಕೆಟ್ಟವು. ಹಗಲು ಕರಗಿದ ನೀರು ಮರಳನ್ನೂ ಕೆಸರನ್ನೂ ಕೀಲಿನ ಸಂದಿಗೆ ಒಯ್ಯುತ್ತದೆ, ರಾತ್ರಿ ಅಲ್ಲೇ ಹೆಪ್ಪುಗಟ್ಟುತ್ತದೆ. ಮರುದಿನ ಬೆಳಗ್ಗೆ ಗಾಡಿ ಹೊರಟಾಗ ಮಂಜುಗಡ್ಡೆ ಮತ್ತು ಮರಳು ಸೇರಿ ಚಳಿಗೆ ಬಿರುಸಾದ ರಬ್ಬರನ್ನು ಉಜ್ಜುತ್ತವೆ. ಚಳಿಗಾಲದಲ್ಲಿ ಮುಖ್ಯ ರಸ್ತೆಗಳಿಗೆ ಉಪ್ಪು ಚೆಲ್ಲುತ್ತಾರೆ. ಬೇಸಿಗೆಯಲ್ಲಿ ಜಲ್ಲಿ ರಸ್ತೆಗಳ ದೂಳು ಏಳದಂತೆ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಕ್ಲೋರೈಡ್ ಹಾಕುತ್ತಾರೆ. ಎರಡೂ ಗಾಳಿಯ ತೇವ ಹೀರುವ ಲವಣಗಳು, ಎರಡೂ ಉಕ್ಕಿಗೆ ತುಕ್ಕು ಹಿಡಿಸುತ್ತವೆ. ಹೀಗೆ ವರ್ಷವಿಡೀ ಚೈನ್‌ಗೆ ಉಪ್ಪಿನ ಸಹವಾಸ ತಪ್ಪಿದ್ದಲ್ಲ. ಮಲೆನಾಡಿನ ಮಳೆಗಾಲದ ಕೆಂಪು ಕೆಸರಿನಲ್ಲಿ, ಚಿಕ್ಕಮಗಳೂರು ಸಕಲೇಶಪುರದ ತೋಟದ ಹಾದಿಗಳಲ್ಲಿ ಓಡುವ ಬೈಕುಗಳಿಗೆ ಚಳಿಯ ಕಾಟವಿಲ್ಲ, ಉಪ್ಪಿನ ಕಾಟವಿಲ್ಲ; ನೀರು ಮತ್ತು ನುಣ್ಣನೆಯ ಮಣ್ಣು ಅಲ್ಲಿಯೂ ಇದೇ ಕೆಲಸ ಮಾಡುತ್ತವೆ.

ಕಾಡಿನಲ್ಲಿ ಮನಸ್ಸಿಗೆ ಬಂದಲ್ಲಿ ಬೈಕು ಓಡಿಸಲು ಸ್ವೀಡನ್ನಿನಲ್ಲಿ ಅವಕಾಶವಿಲ್ಲ. ಹಿಮವಿಲ್ಲದ ಬರಿನೆಲದ ಮೇಲೆ, ರಸ್ತೆ ಬಿಟ್ಟು ಮೋಟಾರು ವಾಹನ ಓಡಿಸುವುದನ್ನು 1975ರ ಕಾಯ್ದೆ ನಿಷೇಧಿಸಿದೆ. ಕೃಷಿಗೆ, ಅರಣ್ಯದ ಕೆಲಸಕ್ಕೆ ವಿನಾಯಿತಿ ಇದೆ. ಹಾಗಾಗಿ ಎಂಡ್ಯೂರೊ ಬೈಕುಗಳು ಕ್ಲಬ್ಬಿನ ಟ್ರ್ಯಾಕುಗಳಲ್ಲಿ, ಅನುಮತಿ ಪಡೆದ ಸ್ಪರ್ಧೆಗಳಲ್ಲಿ ಓಡುತ್ತವೆ. ಎಟಿವಿಗಳು ಕಾಡಿನ ಕೆಲಸಕ್ಕೆ, ಹಿಮ ದೂಡುವುದಕ್ಕೆ ದುಡಿಯುತ್ತವೆ. ಕೆಲಸದ ಎಟಿವಿಗಳಲ್ಲಿ ಇಂದು ಹೆಚ್ಚಿನವಕ್ಕೆ ಶಾಫ್ಟ್ ಇದೆ. ಚೈನ್ ಉಳಿದಿರುವುದು ಹಗುರ ಕ್ರೀಡಾ ಎಟಿವಿಗಳಲ್ಲಿ, ಬೈಕುಗಳಲ್ಲಿ, ಮತ್ತು ಒಂದೊಂದು ಆಕ್ಸಲ್‌ಗೂ ಚೈನ್ ಇರುವ ಆರೆಂಟು ಚಕ್ರದ ಜಲನೆಲ ವಾಹನಗಳಲ್ಲಿ.

ಈ ದೇಶಕ್ಕೆ ಕೆಸರಿನ ಬೈಕುಗಳ ದೊಡ್ಡ ಪರಂಪರೆ ಇದೆ. ಕಾರ್ಲ್‌ಸ್ಟಾಡ್‌ನ ದಕ್ಷಿಣಕ್ಕಿರುವ ಹಸ್ಕ್‌ವಾರ್ನಾದ ಕಾರ್ಖಾನೆ 1903ರಿಂದ ಮೋಟಾರು ಸೈಕಲ್ ತಯಾರಿಸುತ್ತಿತ್ತು. ಟಾರ್ಸ್ಟೆನ್ ಹಾಲ್‌ಮನ್ ಅದರ ಬೈಕಿನ ಮೇಲೆ 1962, 1963, 1966, 1967ರಲ್ಲಿ 250 ಸಿಸಿ ವಿಭಾಗದ ಮೋಟೊಕ್ರಾಸ್ ವಿಶ್ವ ಚಾಂಪಿಯನ್ ಆದರು. ಅವರ ಕಾಲದ ಚೈನ್‌ಗಳಿಗೆ ಸೀಲ್ ಇರಲಿಲ್ಲ. ಬಿಚ್ಚಿ, ತೊಳೆದು, ಎಣ್ಣೆಯಲ್ಲಿ ನೆನೆಸಿ ಮತ್ತೆ ಹಾಕುವುದು ವಾಡಿಕೆಯಾಗಿತ್ತು. ಇಂದಿಗೂ ಅಲ್ಪಾವಧಿಯ ಮೋಟೊಕ್ರಾಸ್ ಸ್ಪರ್ಧೆಗೆ ಹಗುರವಾದ ಸೀಲ್‌ರಹಿತ ಚೈನ್ ಆರಿಸುವವರೇ ಹೆಚ್ಚು. ಗಂಟೆಗಟ್ಟಲೆ ಕಾಡಿನಲ್ಲಿ ಓಡುವ ಎಂಡ್ಯೂರೊಗೆ ಸೀಲ್ ಚೈನ್ ಬೇಕು.

ಚಲಿಸುವ ಕೀಲಿನಲ್ಲಿ ನೀರನ್ನು ಹೊರಗಿಟ್ಟು ಎಣ್ಣೆಯನ್ನು ಒಳಗಿಡುವ ಕೆಲಸ ಕಾರ್ಲ್‌ಸ್ಟಾಡ್‌ಗೆ ಹೊಸತಲ್ಲ. ಇಲ್ಲಿಯ ಕಾರ್ಲ್‌ಸ್ಟಾಡ್ ಮೆಕಾನಿಸ್ಕ ವರ್ಕ್‌ಸ್ಟಾಡ್ ಎಂಬ ಯಂತ್ರ ಕಾರ್ಖಾನೆಯ ಹೆಸರಿನ ಮೊದಲಕ್ಷರಗಳಿಂದಲೇ ಹುಟ್ಟಿದ್ದು ಕಮೇವಾ ಎಂಬ ಹಡಗಿನ ಪ್ರೊಪೆಲರ್‌ನ ಹೆಸರು. ಓಡುತ್ತಿರುವಾಗಲೇ ರೆಕ್ಕೆಯ ಓರೆ ಬದಲಿಸಬಲ್ಲ ಆ ಪ್ರೊಪೆಲರ್ 1937ರಲ್ಲಿ ಬಂತು. ಪ್ರತಿ ರೆಕ್ಕೆಯ ಬುಡದಲ್ಲೂ ತಿರುಗುವ ಕೀಲು, ಒಳಗೆ ಎಣ್ಣೆ, ಹೊರಗೆ ಸಮುದ್ರ, ನಡುವೆ ಸೀಲ್. ಗಾತ್ರ ಬೇರೆ, ತತ್ವ ಚೈನ್‌ನ ಪುಟ್ಟ ಕೀಲಿನದ್ದೇ.

ಲಾಕ್ ಬದಲಿಸುವ ಮೊದಲು ಬದಲಿಸುವುದಕ್ಕೆ ಅರ್ಥವಿದೆಯೇ ಎಂದು ನೋಡಬೇಕು. 520 ಎಂಬ ಚೈನ್‌ನಲ್ಲಿ ಮೊದಲ ಅಂಕಿ ಪಿನ್ನಿನಿಂದ ಪಿನ್ನಿಗಿರುವ ದೂರವನ್ನು ಇಂಚಿನ ಎಂಟನೇ ಭಾಗಗಳಲ್ಲಿ ಹೇಳುತ್ತದೆ: 5/8 ಇಂಚು, ಅಂದರೆ 15.875 ಮಿ.ಮೀ. ಮುಂದಿನ ಎರಡು ಅಂಕಿಗಳು ಒಳಗಿನ ಅಗಲದವು. 520ಕ್ಕೆ ಕಾಲು ಇಂಚು, 6.35 ಮಿ.ಮೀ. ಹೊಸ ಚೈನ್‌ನಲ್ಲಿ 20 ಕೊಂಡಿಗಳ ಉದ್ದ 317.5 ಮಿ.ಮೀ. ಬರಬೇಕು. ಚೈನ್ ಬಿಗಿಯಾಗಿ ಎಳೆದು ಹಿಡಿದು, ಒಂದನೇ ಪಿನ್ನಿನ ನಡುವಿನಿಂದ 21ನೇ ಪಿನ್ನಿನ ನಡುವಿನವರೆಗೆ ಅಳೆಯುವುದು ಕ್ರಮ. ಕವಾಸಾಕಿಯ ಕೈಪಿಡಿಗಳಲ್ಲಿ ಈ ಅಳತೆಗೆ ಕೊಟ್ಟಿರುವ ಮಿತಿ 323 ಮಿ.ಮೀ.; ಬೇರೆ ತಯಾರಕರ ಮಿತಿ ಇದಕ್ಕಿಂತ ಬಿಗಿಯಾಗಿರಬಹುದು. ಒಂದೇ ಕಡೆ ಅಳೆದು ಬಿಡಬಾರದು, ಸವೆತ ಎಲ್ಲ ಕಡೆ ಸಮನಾಗಿರುವುದಿಲ್ಲ. ಮಿತಿ ದಾಟಿದ ಚೈನ್‌ಗೆ ಹೊಸ ಲಾಕ್ ಹಾಕುವುದು ದುಡ್ಡು ದಂಡ. ಚೈನ್ ಮತ್ತು ಎರಡೂ ಸ್ಪ್ರಾಕೆಟ್‌ಗಳನ್ನು ಒಟ್ಟಿಗೆ ಬದಲಿಸಬೇಕು.

ಚೈನ್ ಗಟ್ಟಿಯಾಗಿದ್ದು ಲಾಕ್ ಮಾತ್ರ ಕೆಟ್ಟಿರುವ ಸಂದರ್ಭಗಳೂ ಸಾಕಷ್ಟಿವೆ. ಕ್ಲಿಪ್ ಹಾರಿಹೋಗಿರಬಹುದು. ಕಲ್ಲು ಬಡಿದು ಪಟ್ಟಿ ಬಾಗಿರಬಹುದು. ಲಾಕ್‌ನ ಬದಿಯಲ್ಲಿ ರಬ್ಬರ್ ಹರಿದು ಹೊರಗೆ ಇಣುಕುತ್ತಿರಬಹುದು. ಎಲ್ಲಕ್ಕಿಂತ ನಂಬಬಹುದಾದ ಗುರುತು ಪಟ್ಟಿಗಳ ಸಂದಿಯಿಂದ ಬರುವ ಕೆಂಗಂದು ಪುಡಿ. ಒಳಗಿನ ಗ್ರೀಸ್ ಹೋಗಿ, ಪಿನ್ನು ಬುಷ್ಷು ಒಣಗಿ ಉಜ್ಜಿಕೊಂಡು, ಉದುರಿದ ಲೋಹದ ಪುಡಿ ತುಕ್ಕು ಹಿಡಿದಾಗ ಆ ಬಣ್ಣ ಬರುತ್ತದೆ. ಅದು ಲಾಕ್‌ನಲ್ಲಿ ಮಾತ್ರ ಕಂಡರೆ ಲಾಕ್ ಬದಲಿಸಿದರಾಯಿತು. ನಾಲ್ಕಾರು ಕಡೆ ಕಂಡರೆ ಚೈನ್‌ನ ಆಯುಷ್ಯವೇ ಮುಗಿದಂತೆ.

ಲಾಕ್‌ಗಳಲ್ಲಿ ಎರಡು ಬಗೆ: ಕ್ಲಿಪ್ಪಿನದು ಮತ್ತು ರಿವೆಟ್ಟಿನದು. ಕ್ಲಿಪ್ ಲಾಕ್‌ನ ಪಿನ್ನಿನ ತುದಿಯಲ್ಲಿ ಸಣ್ಣ ಕಚ್ಚು ಇರುತ್ತದೆ. ಹೊರಪಟ್ಟಿ ಕೂರಿಸಿದ ಮೇಲೆ ಸ್ಪ್ರಿಂಗ್ ಉಕ್ಕಿನ ಕ್ಲಿಪ್ ಆ ಕಚ್ಚಿಗೆ ಸಿಕ್ಕಿಕೊಳ್ಳುತ್ತದೆ. ರಿವೆಟ್ ಲಾಕ್‌ನಲ್ಲಿ ಪಿನ್ನಿನ ತುದಿಯನ್ನು ಒತ್ತಿ ಅರಳಿಸಲಾಗುತ್ತದೆ. ಕ್ಲಿಪ್ಪೇ ಭಾರ ಹೊರುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಎಳೆತವನ್ನು ಹೊರುವುದು ಪಿನ್ನುಗಳು ಮತ್ತು ಪಟ್ಟಿಗಳು. ಕ್ಲಿಪ್ಪಿನ ಕೆಲಸ ಪಟ್ಟಿ ಪಕ್ಕಕ್ಕೆ ಜಾರದಂತೆ ತಡೆಯುವುದಷ್ಟೆ. ಒಳ್ಳೆಯ 520 ಸೀಲ್ ಚೈನ್ ಸುಮಾರು 35 ಕಿಲೋನ್ಯೂಟನ್, ಅಂದರೆ ಮೂರೂವರೆ ಟನ್ನಿನಷ್ಟು ಎಳೆತ ತಾಳುತ್ತದೆ. ಅದರಲ್ಲಿ ಪಟ್ಟಿಯ ತೂತು ಪಿನ್ನಿಗೆ ಎಷ್ಟು ಬಿಗಿಯಾಗಿ ಕೂರುತ್ತದೆ ಎಂಬುದಕ್ಕೂ ಪಾತ್ರವಿದೆ. ಕೈಯಲ್ಲೇ ಸುಲಭವಾಗಿ ಜಾರಿ ಕೂರುವ ಪಟ್ಟಿಯ ಲಾಕ್ ಬಳಸಿದರೆ ಚೈನ್ ಮೇಲೆ ಹಾಕಬಹುದಾದ ಭಾರವನ್ನು ಶೇ. 20ರಷ್ಟು ಕಡಿಮೆ ಎಣಿಸಬೇಕೆಂಬುದು ಯಂತ್ರಗಳ ಚೈನ್ ತಯಾರಕರ ಲೆಕ್ಕ. ಸಲಕರಣೆಯಿಂದ ಒತ್ತಿ ಕೂರಿಸಬೇಕಾದ ಬಿಗಿ ಪಟ್ಟಿಯ ಲಾಕ್ ತುಸು ತ್ರಾಸ ಕೊಟ್ಟರೂ ಅದನ್ನೇ ಆರಿಸುವುದು ಲೇಸು.

ಹಗುರ ಎಂಡ್ಯೂರೊ ಬೈಕಿಗೆ ಕ್ಲಿಪ್ ಲಾಕ್ ಸಾಕು. ಕಾಡಿನ ನಡುವೆ ಇಕ್ಕಳದಿಂದ ತೆಗೆದು ಹಾಕಲು ಬರುತ್ತದೆ ಎಂಬುದೇ ಅದರ ದೊಡ್ಡ ಗುಣ. ಭಾರದ ಅಡ್ವೆಂಚರ್ ಬೈಕುಗಳಿಗೆ ರಿವೆಟ್ ಲಾಕ್ ಬೇಕು. ರಿವರ್ಸ್ ಗೇರ್ ಇರುವ, ಹಿಂದಕ್ಕೂ ಮುಂದಕ್ಕೂ ಭಾರ ಎಳೆಯುವ ವಾಹನದಲ್ಲಿ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಚಲಿಸುವ ದಿಕ್ಕಿಗೆ ಇರಬೇಕೆಂಬ ನಿಯಮ ಅರ್ಧ ಹೊತ್ತು ಉಲ್ಟಾ ಆಗುವುದರಿಂದ ಅಲ್ಲಿಯೂ ರಿವೆಟ್ ಹೆಚ್ಚು ಭದ್ರ. ವಾಹನದ ಕೈಪಿಡಿ ಬೇರೆ ಹೇಳಿದ್ದರೆ ಅದೇ ಅಂತಿಮ.

ಕೊಳ್ಳುವಾಗ ಬರೀ 520 ಎಂದು ಕೇಳಿದರೆ ಸಾಲದು. ಚೈನ್‌ನ ತಯಾರಕರ ಹೆಸರು ಮತ್ತು ಪೂರ್ತಿ ಮಾದರಿ ಸಂಖ್ಯೆ ನೋಡಿ ಅದಕ್ಕೇ ಹೊಂದುವ ಲಾಕ್ ತರಬೇಕು. ಒಂದೇ ತಯಾರಕರ ಎರಡು 520 ಚೈನ್‌ಗಳಲ್ಲೇ ಪಿನ್ನಿನ ಉದ್ದ, ದಪ್ಪ, ರಬ್ಬರ್ ಉಂಗುರದ ದಪ್ಪ ಬೇರೆಯಾಗಿರುತ್ತವೆ. ಪಿನ್ ತುಸು ಸಣ್ಣದಾದರೆ ಬುಷ್‌ನೊಳಗೆ ಆಡುತ್ತದೆ, ಉಂಗುರ ತುಸು ತೆಳುವಾದರೆ ಸೀಲ್ ಆಗುವುದೇ ಇಲ್ಲ. ಪೊಟ್ಟಣದೊಳಗೆ ಎರಡು ಪಿನ್ನು ಹೊತ್ತ ಪಟ್ಟಿ, ಬಿಡಿ ಹೊರಪಟ್ಟಿ, ನಾಲ್ಕು ಉಂಗುರ, ಕ್ಲಿಪ್ ಬಗೆಯಾದರೆ ಕ್ಲಿಪ್, ಪುಟ್ಟ ಗ್ರೀಸ್ ಪ್ಯಾಕೆಟ್ ಇರಬೇಕು. ಹಳೆಯ ಲಾಕ್‌ನ ಯಾವ ಭಾಗವನ್ನೂ ಮರಳಿ ಬಳಸಬಾರದು.

ಕೆಲಸಕ್ಕೆ ಕೂರುವ ಮೊದಲು ಎಂಜಿನ್ ಆರಿಸಿ ಕೀಲಿ ತೆಗೆದಿರಬೇಕು, ಗೇರ್ ನ್ಯೂಟ್ರಲ್‌ನಲ್ಲಿರಬೇಕು, ಹಿಂದಿನ ಚಕ್ರ ನೆಲ ಬಿಟ್ಟಿರಬೇಕು. ಎಂಜಿನ್ ಚಾಲೂ ಇಟ್ಟು, ಚಕ್ರ ತಾನೇ ತಿರುಗುತ್ತಿರಲು, ಚೈನ್‌ಗೆ ಬಟ್ಟೆ ಹಿಡಿದು ಒರೆಸುವ ರೂಢಿ ಎಷ್ಟೋ ಜನರ ಬೆರಳು ತೆಗೆದಿದೆ. ಬಟ್ಟೆ ಸ್ಪ್ರಾಕೆಟ್‌ಗೆ ಸಿಕ್ಕರೆ ಕೈ ಎಳೆದುಕೊಳ್ಳಲು ಸಮಯವೇ ಇರುವುದಿಲ್ಲ. ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು.

ಮೊದಲು ಚೈನ್ ತೊಳೆಯುವುದು. ಸೀಮೆಎಣ್ಣೆ ಮತ್ತು ಮೆದು ಕುಂಚ ಸಾಕು. ಚೈನ್ ತಯಾರಕರು ಹೇಳುವುದೂ ಅದನ್ನೇ. ಪೆಟ್ರೋಲ್, ಥಿನ್ನರ್, ಬ್ರೇಕ್ ಕ್ಲೀನರ್ ರಬ್ಬರನ್ನು ಉಬ್ಬಿಸುತ್ತವೆ ಇಲ್ಲವೇ ಒಣಗಿಸುತ್ತವೆ. ತಂತಿಯ ಬ್ರಶ್ ಉಂಗುರವನ್ನು ಗೀರುತ್ತದೆ. ವಾಟರ್ ಸರ್ವಿಸ್‌ನ ಜೋರು ನೀರಿನ ಧಾರೆಯನ್ನು ಹತ್ತಿರದಿಂದ ಚೈನ್ ಮೇಲೆ ಹಿಡಿದರೆ ನೀರು ಸೀಲ್ ದಾಟಿ ಒಳಗೆ ನುಗ್ಗುತ್ತದೆ, ಗ್ರೀಸನ್ನು ಕದಡುತ್ತದೆ. ಕಾರ್ಲ್‌ಸ್ಟಾಡ್‌ನಂಥ ಊರಿನಲ್ಲಿ ಉಪ್ಪಿನ ರಸ್ತೆಯಿಂದ ಬಂದ ಚೈನ್‌ಗೆ ಮೊದಲು ಸಾಧಾರಣ ನೀರಿನ ಸ್ನಾನ ಬೇಕು. ಉಪ್ಪು ಸೀಮೆಎಣ್ಣೆಯಲ್ಲಿ ಕರಗುವುದಿಲ್ಲ.

ಆಕ್ಸಲ್ ನಟ್ಟು ಸಡಿಲಿಸಿ, ಅಡ್ಜಸ್ಟರ್ ಹಿಂದೆ ತಿರುಗಿಸಿ ಚಕ್ರವನ್ನು ಮುಂದಕ್ಕೆ ದೂಡಿದರೆ ಚೈನ್ ಸಡಿಲವಾಗುತ್ತದೆ. ಆಮೇಲೆ ಚಕ್ರ ತಿರುಗಿಸಿ ಲಾಕ್ ಅನ್ನು ಹಿಂದಿನ ಸ್ಪ್ರಾಕೆಟ್‌ನ ಹಲ್ಲುಗಳ ಮೇಲೆ, ಸುತ್ತಿನ ನಟ್ಟನಡುವೆ ತಂದು ನಿಲ್ಲಿಸಬೇಕು. ಲಾಕ್ ಕಳಚಿದ ಮೇಲೂ ಚೈನ್‌ನ ಎರಡೂ ತುದಿಗಳನ್ನು ಹಲ್ಲುಗಳೇ ಸರಿಯಾದ ಅಂತರದಲ್ಲಿ ಹಿಡಿದಿರುತ್ತವೆ. ಹೊಸ ಪಿನ್ನುಗಳನ್ನು ತೂರಿಸುವಾಗ ಎಳೆದಾಡುವ ಕಷ್ಟ ತಪ್ಪುತ್ತದೆ. ಇಷ್ಟು ಸಣ್ಣ ಉಪಾಯ ಅರ್ಧ ಕೆಲಸವನ್ನು ಹಗುರ ಮಾಡುತ್ತದೆ. ತುದಿಗಳು ಜಾರಿ ಚೈನ್ ಮುಂದಿನ ಸ್ಪ್ರಾಕೆಟ್‌ನಿಂದ ಕಳಚಿಕೊಳ್ಳದಂತೆ ಒಂದು ತಂತಿಯಲ್ಲಿ ಕಟ್ಟುವುದೂ ಒಳ್ಳೆಯದು.

ಕ್ಲಿಪ್ ತೆಗೆಯಲು ನೋಸ್ ಪ್ಲೈಯರ್‌ನ ಒಂದು ದವಡೆಯನ್ನು ಕ್ಲಿಪ್ಪಿನ ತೆರೆದ ತುದಿಗೆ, ಇನ್ನೊಂದನ್ನು ಆ ಬದಿಯ ಪಿನ್ನಿಗೆ ಹಿಡಿದು ಅಮುಕಬೇಕು. ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಕ್ಲಿಪ್ ಕಣ್ಣಿಗೆ ಹಾರುವ ಅಪಾಯವಿದೆ. ಬಿಗಿ ಪಟ್ಟಿಯಾದರೆ ಚೈನ್ ಬ್ರೇಕರ್‌ನಿಂದ ಪಿನ್ನುಗಳನ್ನು ಒಂದೊಂದಾಗಿ, ತುಸು ತುಸುವೇ ಒತ್ತುತ್ತಾ ಹೊರತಳ್ಳಬೇಕು. ರಿವೆಟ್ ಲಾಕ್‌ನಲ್ಲಿ ಅರಳಿದ ತಲೆಯನ್ನು ಗ್ರೈಂಡರ್‌ನಿಂದ ಪಟ್ಟಿಯ ಮಟ್ಟಕ್ಕೆ ಸವರಿದ ಮೇಲೆಯೇ ಬ್ರೇಕರ್ ಹಾಕಬೇಕು. ಹಾಗೆಯೇ ಒತ್ತಿದರೆ ಮುರಿಯುವುದು ಬ್ರೇಕರ್‌ನ ಮೊನೆ. ಗ್ರೈಂಡರ್‌ನ ಕಾವು ಅಕ್ಕಪಕ್ಕದ ಕೀಲುಗಳ ರಬ್ಬರ್ ಸುಡದಂತೆ ಬಿಟ್ಟು ಬಿಟ್ಟು ಸವರಬೇಕು. ಕಿಡಿಗಳು ಟೈರಿಗೆ, ಪೆಟ್ರೋಲ್ ಪೈಪಿಗೆ ತಾಗದಂತೆ ಮರೆ ಇಡಬೇಕು, ಕಣ್ಣಿಗೆ ಕನ್ನಡಕ ಇರಬೇಕು.

ಹೊರಬಂದ ಹಳೆಯ ಪಿನ್ನುಗಳನ್ನು ಎಸೆಯುವ ಮುನ್ನ ಒರೆಸಿ ಬೆಳಕಿಗೆ ಹಿಡಿದು ನೋಡಬೇಕು. ಚೈನ್‌ನ ಒಳಗಿನ ಸ್ಥಿತಿಯನ್ನು ಕಣ್ಣಾರೆ ಕಾಣಲು ಸಿಗುವ ಅವಕಾಶ ಇದೊಂದೇ. ಮೈ ನುಣುಪಾಗಿ, ಗ್ರೀಸ್ ಅಂಟಿಕೊಂಡಿದ್ದರೆ ಸೀಲ್ ಕೆಲಸ ಮಾಡಿದೆ. ಬೆರಳ ಉಗುರಿಗೆ ತಾಗುವಂಥ ಮೆಟ್ಟಿಲು ಬಿದ್ದಿದ್ದರೆ, ತುಕ್ಕಿನ ಕಲೆ ಇದ್ದರೆ, ಆ ಪಿನ್ ಹೊರಳುತ್ತಿದ್ದ ಬುಷ್ ಕೂಡ ಅಷ್ಟೇ ಸವೆದಿರುತ್ತದೆ. ಬುಷ್ ಚೈನ್‌ನಲ್ಲೇ ಉಳಿಯುತ್ತದೆ. ಅದರೊಳಗೆ ಹೊಸ ಪಿನ್ ಹಾಕಿದರೂ ಸಡಿಲ ಹೋಗುವುದಿಲ್ಲ.

ಇನ್ನು ಜೋಡಣೆ. ಕೈ, ಬಟ್ಟೆ, ಬುಷ್‌ನ ತೂತು ಎಲ್ಲವೂ ಶುಚಿಯಾಗಿರಬೇಕು. ಒಂದು ಮರಳ ಕಣ ಒಳಗೆ ಉಳಿದರೆ ಸೀಲ್ ಅದನ್ನು ಹೊರಗೆ ಹೋಗಲು ಬಿಡುವುದಿಲ್ಲ. ಚೈನ್ ಇರುವವರೆಗೂ ಅದು ಅಲ್ಲೇ ಅರೆಯುತ್ತಿರುತ್ತದೆ. ಚಳಿನಾಡಿನಲ್ಲಿ ಈ ಕೆಲಸವನ್ನು ಬೆಚ್ಚಗಿನ ಶೆಡ್ಡಿನೊಳಗೆ ಮಾಡುವುದು ಮೇಲು. ಚಳಿಗೆ ಬಿರುಸಾದ ರಬ್ಬರ್ ಉಂಗುರ ಪಿನ್ನಿನ ಅಂಚಿಗೆ ತಾಗಿ ಸುಲಭವಾಗಿ ಸೀಳುತ್ತದೆ, ಗ್ರೀಸ್ ಕೂಡ ಸಂದಿಗೆ ಹರಡುವುದಿಲ್ಲ. ಪ್ಯಾಕೆಟ್ಟಿನ ಗ್ರೀಸನ್ನು ಪಿನ್ನುಗಳಿಗೆ ದಪ್ಪಗೆ ಬಳಿದು, ಬುಷ್‌ನ ಒಳಗೂ ತುಂಬಿ, ಉಂಗುರಗಳಿಗೂ ಸವರಬೇಕು. ಜಿಪುಣತನ ಇಲ್ಲಿ ಬೇಡ. ಕಾರ್ಖಾನೆಯ ಕೀಲುಗಳಲ್ಲಿ ಗ್ರೀಸ್ ತುಂಬಿ ಗಾಳಿಗೆ ಜಾಗವಿಲ್ಲದಂತೆ ಮಾಡಿರುತ್ತಾರೆ. ಕೈಯಿಂದ ಮುಚ್ಚುವ ಕೀಲು ಅದರ ಸಮಕ್ಕೆ ಬರಬೇಕಾದರೆ ಒತ್ತುವಾಗ ಅಂಚಿನಿಂದ ಗ್ರೀಸ್ ಹೊರಗೆ ಉಕ್ಕಬೇಕು. ಉಕ್ಕಿದ್ದನ್ನು ಒರೆಸಿದರಾಯಿತು.

ಮೊದಲ ಎರಡು ಉಂಗುರಗಳನ್ನು ಪಿನ್ನುಗಳಿಗೆ ತೊಡಿಸಿ, ಲಾಕ್ ಅನ್ನು ಚಕ್ರದ ಕಡೆಯಿಂದ ಹೊರಕ್ಕೆ ತೂರಿಸುವುದು ವಾಡಿಕೆ. ಕ್ಲಿಪ್ ಹೊರಬದಿಗೆ ಬಂದರೆ ನೋಡಲು, ಸರಿಪಡಿಸಲು ಅನುಕೂಲ. ಪಿನ್ನುಗಳು ಹೊರಬಂದ ಮೇಲೆ ಉಳಿದೆರಡು ಉಂಗುರಗಳನ್ನು ತೊಡಿಸಿ, ಅಕ್ಷರ ಅಚ್ಚಾದ ಮೈ ಹೊರಕ್ಕೆ ಬರುವಂತೆ ಹೊರಪಟ್ಟಿ ಇಡಬೇಕು. ಎಕ್ಸ್-ರಿಂಗ್ ಆದರೆ ತಿರುಚಿಕೊಳ್ಳದೆ ಸಪಾಟಾಗಿ ಕೂತಿದೆಯೇ ಎಂದು ನೋಡಬೇಕು. ಅವಸರದಲ್ಲಿ ಮರೆತುಹೋಗುವುದು ಈ ಹೊರಗಿನ ಎರಡು ಉಂಗುರಗಳೇ. ಅವಿಲ್ಲದೆಯೂ ಪಟ್ಟಿ ಕೂರುತ್ತದೆ, ಕ್ಲಿಪ್ಪೂ ಬೀಳುತ್ತದೆ, ಗಾಡಿಯೂ ಓಡುತ್ತದೆ. ಕೀಲು ಮಾತ್ರ ಬೇಗ ಒಣಗುತ್ತದೆ.

ಇಡೀ ಕೆಲಸದಲ್ಲಿ ಹೆಚ್ಚು ನಿಖರತೆ ಬೇಡುವುದು ಪಟ್ಟಿ ಒತ್ತುವ ಹಂತ. ಸುತ್ತಿಗೆಯಿಂದ ಬಡಿದು ಕೂರಿಸುವವರಿದ್ದಾರೆ. ಏಟು ಒಂದು ಕಡೆ ಹೆಚ್ಚಾಗಿ ಪಟ್ಟಿ ವಾರೆಯಾಗುತ್ತದೆ, ಪಿನ್ನಿನ ತುದಿ ಜಜ್ಜುತ್ತದೆ, ಒಂದು ಉಂಗುರ ನಜ್ಜಾಗಿ ಇನ್ನೊಂದು ಸಡಿಲವಾಗಿ ಉಳಿಯುತ್ತದೆ. ಎರಡೂ ಪಿನ್ನುಗಳ ಮೇಲೆ ಸಮನಾಗಿ ಒತ್ತುವ ಪ್ರೆಸ್ ಸಲಕರಣೆ ಬೇಕು. ಅದಿಲ್ಲದ ಕಡೆ ಸಿ-ಕ್ಲಾಂಪಿನಿಂದ, ಪಿನ್ನಿನ ತುದಿಗೆ ಜಾಗ ಬಿಡುವಂತೆ ಚಿಕ್ಕ ಸಾಕೆಟ್ ಇಟ್ಟು, ಒಂದು ಬದಿ ಸ್ವಲ್ಪ, ಇನ್ನೊಂದು ಬದಿ ಸ್ವಲ್ಪ ಒತ್ತುತ್ತಾ ಬರಬಹುದು. ಪಕ್ಕದ ಕಾರ್ಖಾನೆ ಕೊಂಡಿಯ ಎರಡು ಹೊರಪಟ್ಟಿಗಳ ಹೊರ ಅಳತೆಯನ್ನು ವರ್ನಿಯರ್‌ನಲ್ಲಿ ಮೊದಲೇ ಅಳೆದಿಟ್ಟುಕೊಂಡು, ಹೊಸ ಲಾಕ್ ಅದೇ ಅಳತೆಗೆ ಬರುವವರೆಗೆ ಒತ್ತಬೇಕು. ಕಡಿಮೆ ಒತ್ತಿದರೆ ಕ್ಲಿಪ್ಪಿನ ಕಚ್ಚು ಪೂರ್ತಿ ತೆರೆದುಕೊಳ್ಳುವುದಿಲ್ಲ, ಉಂಗುರ ಬಿಗಿಯುವುದಿಲ್ಲ. ಹೆಚ್ಚು ಒತ್ತಿದರೆ ಉಂಗುರ ಚಪ್ಪಟೆಯಾಗಿ ಕೀಲು ಬಿಗಿಯುತ್ತದೆ, ಬಿಸಿಯಾಗುತ್ತದೆ, ಕೆಲವೇ ದಿನದಲ್ಲಿ ರಬ್ಬರ್ ಹರಿಯುತ್ತದೆ. ಒತ್ತಿದ ಮೇಲೆ ಲಾಕ್ ಅನ್ನು ಸ್ಪ್ರಾಕೆಟ್‌ನಿಂದ ಈಚೆ ತಂದು ಬೆರಳಿನಿಂದ ಬಾಗಿಸಿ ನೋಡಬೇಕು. ಪಕ್ಕದ ಕೊಂಡಿಗಳಷ್ಟೇ ಸಲೀಸಾಗಿ ಬಾಗಿದರೆ ಸರಿ.

ಕ್ಲಿಪ್ಪಿನ ಮುಚ್ಚಿದ ದುಂಡು ತುದಿ ಚೈನ್ ಚಲಿಸುವ ದಿಕ್ಕಿಗೆ ಮುಂದಾಗಿರಬೇಕು, ತೆರೆದ ಬಾಯಿ ಹಿಂದಾಗಿರಬೇಕು. ಕಲ್ಲಿಗೋ ಕಡ್ಡಿಗೋ ತಾಗಿದಾಗ ಏಟು ಮುಚ್ಚಿದ ತುದಿಗೆ ಬೀಳಲಿ ಎಂಬುದು ಉದ್ದೇಶ. ಇಲ್ಲಿ ಗೊಂದಲ ಆಗುವುದು ಚೈನ್‌ನ ಮೇಲಿನ ಸಾಲು ಮತ್ತು ಕೆಳಗಿನ ಸಾಲು ವಿರುದ್ಧ ದಿಕ್ಕಿಗೆ ಚಲಿಸುವುದರಿಂದ. ಮೇಲಿನ ಸಾಲಿನಲ್ಲಿ ಚೈನ್ ಹಿಂದಿನ ಚಕ್ರದಿಂದ ಎಂಜಿನ್ನಿನ ಕಡೆಗೆ ಓಡುತ್ತದೆ. ಅಲ್ಲಿ ಮುಚ್ಚಿದ ತುದಿ ಗಾಡಿಯ ಮುಂಭಾಗಕ್ಕೆ ನೋಡಬೇಕು. ಕೆಳಗಿನ ಸಾಲಿನಲ್ಲಿ ನೋಡುವವರಿಗೆ ಅದೇ ತುದಿ ಹಿಂಭಾಗಕ್ಕೆ ಕಾಣಬೇಕು. ಇಕ್ಕಳದಿಂದ ತಳ್ಳಿ ಕೂರಿಸಿದ ಮೇಲೆ ಕ್ಲಿಪ್ ಎರಡೂ ಪಿನ್ನುಗಳ ಕಚ್ಚಿನಲ್ಲಿ ಪೂರ್ತಿ ಇಳಿದಿದೆಯೇ, ಪಟ್ಟಿಗೆ ಸಪಾಟಾಗಿದೆಯೇ ಎಂದು ಟಾರ್ಚ್ ಹಿಡಿದು ನೋಡಬೇಕು. ಆಫ್-ರೋಡ್ ಸವಾರರು ಕ್ಲಿಪ್ಪಿನ ಮೇಲೆ ಸಿಲಿಕೋನ್ ಸೀಲೆಂಟ್‌ನ ತೆಳು ಪದರ ಹಚ್ಚುವುದುಂಟು. ಕ್ಲಿಪ್ ಅಲುಗದಂತೆ ಅದು ಹಿಡಿಯುತ್ತದೆ, ಬೇಕಾದಾಗ ಉಗುರಿನಲ್ಲೇ ಕಿತ್ತುಬರುತ್ತದೆ.

ರಿವೆಟ್ ಲಾಕ್ ಆದರೆ ಪಟ್ಟಿ ಅಳತೆಗೆ ಬಂದ ಮೇಲೆ ಸಲಕರಣೆಗೆ ರಿವೆಟ್ಟಿನ ಮೊನೆ ಹಾಕಿ ಪಿನ್ನಿನ ತುದಿಯನ್ನು ಅರಳಿಸಬೇಕು. ಅರಳಿದ ತಲೆಯ ವ್ಯಾಸ ಎಷ್ಟಿರಬೇಕೆಂದು ತಯಾರಕರು ಕೊಟ್ಟಿರುತ್ತಾರೆ. ಮೂಲ ಪಿನ್ನಿಗಿಂತ ಹೆಚ್ಚಳ ಮಿಲಿಮೀಟರಿನ ಕೆಲವು ಹತ್ತನೇ ಭಾಗ ಮಾತ್ರ. ಒಮ್ಮೆಲೇ ತಿರುಗಿಸದೆ, ಸ್ವಲ್ಪ ಒತ್ತಿ, ಅಳೆದು, ಮತ್ತೆ ಒತ್ತಬೇಕು. ತಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಆ ಲಾಕ್ ಬೇಡ, ಹೊಸದೊಂದು ತರಬೇಕು.

ಇಷ್ಟು ಎಚ್ಚರಿಕೆ ಏಕೆ ಎಂದರೆ, ಓಡುವಾಗ ಬಿಚ್ಚಿದ ಚೈನ್ ಸುಮ್ಮನೆ ರಸ್ತೆಗೆ ಬೀಳುವುದಿಲ್ಲ. ಅದು ಮುಂದಿನ ಸ್ಪ್ರಾಕೆಟ್‌ನ ಸುತ್ತ ಸುರುಳಿಯಾಗಿ ಎಂಜಿನ್ನಿನ ಅಲ್ಯೂಮಿನಿಯಂ ಕೇಸನ್ನು ಒಡೆಯಬಲ್ಲದು, ಹಿಂದಿನ ಚಕ್ರವನ್ನು ಹಠಾತ್ತನೆ ಕಚ್ಚಿ ನಿಲ್ಲಿಸಬಲ್ಲದು. ಸವಾರನ ಕಾಲು ಇರುವುದೂ ಅಲ್ಲೇ ಪಕ್ಕದಲ್ಲಿ.

ಲಾಕ್ ಕೂತ ಮೇಲೆ ಚಕ್ರ ಹಿಂದಕ್ಕೆಳೆದು ಚೈನ್‌ನ ಸಡಿಲ ಹೊಂದಿಸಬೇಕು. ಊರಿನ ಬೈಕಿಗೆ ಎರಡು ಮೂರು ಸೆಂಟಿಮೀಟರ್ ಆಟ ಸಾಕಾದರೆ ಎಂಡ್ಯೂರೊ ಬೈಕುಗಳಿಗೆ ಅದರ ಎರಡರಷ್ಟು ಬೇಕಾಗಬಹುದು. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್‌ನ ಕೀಲು, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಹೆಚ್ಚು ಬಿಗಿಯುತ್ತದೆ. ಸ್ಟ್ಯಾಂಡಿನ ಮೇಲೆ ಸರಿಯೆನಿಸಿದ ಬಿಗಿ ಆ ಕ್ಷಣದಲ್ಲಿ ಬೇರಿಂಗುಗಳನ್ನು ಎಳೆದು ಹಾಳುಮಾಡುತ್ತದೆ. ಕೈಪಿಡಿ ಹೇಳಿದ ಜಾಗದಲ್ಲಿ, ಹೇಳಿದ ಭಂಗಿಯಲ್ಲೇ ಅಳೆಯಬೇಕು. ಕೊನೆಗೆ ರೋಲರ್‌ಗಳ ಮೇಲೆ ಸೀಲ್ ಚೈನ್‌ಗೆ ಹೊಂದುವ ಸ್ಪ್ರೇ, ಇಲ್ಲವೇ ಕೈಪಿಡಿ ಒಪ್ಪಿದ್ದರೆ 90 ನಂಬರಿನ ಗೇರ್ ಆಯಿಲ್ ಹಚ್ಚಿ, ಹೆಚ್ಚಾದದ್ದನ್ನು ಒರೆಸಬೇಕು. ಒಂದು ಸಣ್ಣ ಸುತ್ತು ಓಡಿಸಿ ತಂದು ಕ್ಲಿಪ್, ಸಡಿಲ, ಆಕ್ಸಲ್ ನಟ್ಟು ಮತ್ತೆ ನೋಡಬೇಕು. ಲಾಕ್‌ನ ಪಟ್ಟಿಯನ್ನು ಮುಟ್ಟಿದಾಗ ಅದು ಉಳಿದ ಕೊಂಡಿಗಳಿಗಿಂತ ಬಿಸಿಯಾಗಿದ್ದರೆ ಕೀಲು ಬಿಗಿಯಾಗಿದೆ ಎಂದೇ ಅರ್ಥ.

ದೂರದ ಹಾದಿಗೆ ಹೊರಡುವವರು ಟೂಲ್ ಚೀಲದಲ್ಲಿ ಅದೇ ಮಾದರಿಯ ಇನ್ನೊಂದು ಕ್ಲಿಪ್ ಲಾಕ್ ಇಟ್ಟುಕೊಳ್ಳಬೇಕು. ಗಾಡಿಯಲ್ಲಿರುವುದು ರಿವೆಟ್ ಲಾಕ್ ಆದರೂ ಮನೆ ಸೇರುವ ಮಟ್ಟಿಗೆ ಕ್ಲಿಪ್ ಲಾಕ್ ನೆರವಾಗುತ್ತದೆ. ಜೊತೆಗೆ ಚಿಕ್ಕ ಬ್ರೇಕರ್, ಪಟ್ಟಿ ಒತ್ತುವ ಸಲಕರಣೆ, ಇಕ್ಕಳ ಇರಬೇಕು. ಬಿಡಿ ಲಾಕ್‌ನ ಪೊಟ್ಟಣ ಒಡೆಯದೆ, ಬಿಸಿಲು ಪೆಟ್ರೋಲು ತಾಗದಂತೆ ಇಟ್ಟರೆ ಉಂಗುರಗಳು ಮೆದುವಾಗಿಯೇ ಉಳಿಯುತ್ತವೆ. ಚೈನ್ ಬದಲಿಸಿದಾಗ ಚೀಲದಲ್ಲಿರುವ ಲಾಕ್ ಅನ್ನೂ ಹೊಸ ಚೈನ್‌ನ ಮಾದರಿಗೆ ಬದಲಿಸಬೇಕು.